ಮಹಾಬಲಿಪುರದ ಕಡಲತೀರದ ಗುಡಿ: ಕೋಲಾರ ಕಡೆಯಿಂದ ಹೋಗುವವರು ಏನನ್ನು ಯಾವ ಕ್ರಮದಲ್ಲಿ ನೋಡಬೇಕು?

ಮುಳಬಾಗಿಲು_ದೋಸೆ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಹಬ್ಬದ ರಜೆಗೆ ಮಹಾಬಲಿಪುರಕ್ಕೆ ಹೊರಟಿದ್ದೀವಿ. ಟಿಟಿ (ಟೆಂಪೊ ಟ್ರಾವೆಲರ್) ಗಾಡಿ, ಹನ್ನೊಂದು ಜನ. ಎಪ್ಪತ್ತು ದಾಟಿದ ಹಿರಿಯರು ಇಬ್ಬರು, ಸ್ಕೂಲ್ ಮಕ್ಕಳು ಮೂವರು. ಮುಖ್ಯವಾಗಿ ಕಡಲತೀರದ ಗುಡಿ ನೋಡಬೇಕು. ಯಾವ ದಾರಿ ಒಳ್ಳೇದು? ಒಂದು ದಿನ ಸಾಕಾ, ರಾತ್ರಿ ಉಳೀಬೇಕಾ? ಗುಡಿ, ಪಂಚರಥ, ಬೆಟ್ಟ, ಇದರಲ್ಲಿ ಯಾವುದು ಮೊದಲು? ಹಿರಿಯರು ಎಲ್ಲಿವರೆಗೆ ನಡೀಬಹುದು? ಬರೀ ಫೋಟೊ ತೆಗೆಸ್ಕೊಂಡು ಬರೋದು ಬೇಡ, ಕಲ್ಲಿನ ಕೆಲಸ ಅರ್ಥ ಆಗೋ ಹಾಗೆ ನೋಡಬೇಕು. ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

ಬಂಗಾರಪೇಟೆ_ಜಂಕ್ಷನ್

ಮೊದಲು ದಿನ ಬದಲಾಯಿಸಿ. ಸಂಕ್ರಾಂತಿ ಟೈಮಲ್ಲಿ ತಮಿಳುನಾಡಲ್ಲಿ ಪೊಂಗಲ್ ನಾಲ್ಕು ದಿನ ನಡೆಯುತ್ತೆ. ಕೊನೆಯದು ಕಾಣುಂ ಪೊಂಗಲ್, ಅವತ್ತು ಮನೆಮಂದಿಯೆಲ್ಲ ಹೊರಗೆ ಸುತ್ತಾಡೋದೇ ಹಬ್ಬ. ಚೆನ್ನೈ, ಚೆಂಗಲ್ಪಟ್ಟು ಕಡೆಯ ಜನವೆಲ್ಲ ಮಹಾಬಲಿಪುರದ ಮರಳಲ್ಲೇ ಇರ್ತಾರೆ. ಜನ ಹೆಚ್ಚಾದರೆ ಗಾಡಿ ಊರ ಹೊರಗೇ ನಿಲ್ಲಿಸಬೇಕಾಗುತ್ತೆ, ಹಿರಿಯರನ್ನ ಅಲ್ಲಿಂದ ನಡೆಸೋದು ಆಗದ ಮಾತು. ಹದಿನೆಂಟನೇ ತಾರೀಕು ಕಳೆದ ಮೇಲೆ, ಶನಿವಾರ ಭಾನುವಾರ ಬಿಟ್ಟು ಇಟ್ಟುಕೊಳ್ಳಿ. ಫೆಬ್ರವರಿ ಮುಗಿಯೋವರೆಗೂ ಹವೆ ಚೆನ್ನಾಗಿರುತ್ತೆ. ಅಕ್ಟೋಬರ್‌ನಿಂದ ಡಿಸೆಂಬರ್ ಮಾತ್ರ ಬೇಡ. ನಮ್ಮಲ್ಲಿ ಮಳೆ ಮುಗೀತು ಅನ್ನೋ ಹೊತ್ತಿಗೆ ಅಲ್ಲಿ ಹಿಂಗಾರು ಜೋರಾಗಿರುತ್ತೆ, ಚಂಡಮಾರುತ ಬರೋದೂ ಆಗಲೇ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ದಡ ಸೇರಿದ್ದು ಮಹಾಬಲಿಪುರದ ಹತ್ತಿರವೇ.

ನಿಮಗೆ ಹತ್ತಿರದ ದಾರಿ ನಂಗಲಿ, ಪಲಮನೇರು, ಚಿತ್ತೂರು, ರಾಣಿಪೇಟೆ, ವಾಲಾಜಾಪೇಟೆ, ಕಾಂಚೀಪುರ, ಚೆಂಗಲ್ಪಟ್ಟು, ತಿರುಕ್ಕಳುಕುಂಡ್ರಂ, ಮಹಾಬಲಿಪುರ. ಕೋಲಾರದಿಂದ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ 265 ಕಿ.ಮೀ., ನಿಮಗೆ ಇನ್ನೂ ಮೂವತ್ತು ಕಡಿಮೆ. ತಿಂಡಿಗೆ ನಿಲ್ಲಿಸೋದೂ ಸೇರಿ ಐದೂವರೆಯಿಂದ ಆರು ಗಂಟೆ ಇಟ್ಟುಕೊಳ್ಳಿ. ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟ್ ಇಳಿಜಾರಲ್ಲಿ ಲಾರಿ ಜಾಸ್ತಿ, ಕತ್ತಲಲ್ಲಿ ಅಲ್ಲಿಗೆ ಹೋಗಬೇಡಿ.

ಬಹಳ ಜನ ಎಡವೋದು ಪರ್ಮಿಟ್ ವಿಷಯದಲ್ಲಿ. ಈ ದಾರಿ ಆಂಧ್ರದ ಒಳಗೆ ಹೋಗುತ್ತೆ. ಹಳದಿ ಬೋರ್ಡ್ ಟಿಟಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಆಂಧ್ರಕ್ಕೂ ತಮಿಳುನಾಡಿಗೂ ಬೇರೆ ಬೇರೆ ಕಟ್ಟಬೇಕು. ತಮಿಳುನಾಡಿನದು ಮಾತ್ರ ಕಟ್ಟಿಸಿಕೊಂಡು ಹೊರಟವರು ನಂಗಲಿ ದಾಟಿದ ಮೇಲೆ ಸಿಕ್ಕಿಬೀಳ್ತಾರೆ. ಗಾಡಿ ಬುಕ್ ಮಾಡುವಾಗಲೇ ಕೇಳಿ, ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ. ಮಾಲೂರು ಕಡೆಯವರು ಹೊಸೂರು, ಕೃಷ್ಣಗಿರಿ, ವೇಲೂರು ಮೇಲೆ ಹೋದರೆ ಆಂಧ್ರ ಅಡ್ಡ ಬರಲ್ಲ, ದೂರ ಸ್ವಲ್ಪ ಹೆಚ್ಚು.

ರೈಲಿನವರು ಬಂಗಾರಪೇಟೆಯಲ್ಲಿ ಚೆನ್ನೈ ಗಾಡಿ ಹತ್ತಿ ಕಾಟ್ಪಾಡಿಯಲ್ಲಿ ಇಳೀರಿ. ಅಲ್ಲಿಂದ ಬಸ್ಸಲ್ಲಿ ಕಾಂಚೀಪುರ, ಚೆಂಗಲ್ಪಟ್ಟು, ಮಹಾಬಲಿಪುರ. ಚೆನ್ನೈವರೆಗೆ ಹೋಗಿ ಮತ್ತೆ 55–60 ಕಿ.ಮೀ. ವಾಪಸ್ ಬರೋದು ದಂಡ.

ಮಾಲೂರು_ಚಾಣ

ದಾರಿ ಮಾತು ಆಯ್ತು, ಕಲ್ಲಿನ ಮಾತಿಗೆ ಬರ್ತೀನಿ.

ಮಹಾಬಲಿಪುರದಲ್ಲಿ ಕಲ್ಲಿನ ಕೆಲಸ ಮೂರು ಥರ ಇದೆ. ಬಂಡೆಯ ಹೊಟ್ಟೆ ಕೊರೆದು ಮಾಡಿದ ಮಂಟಪ ಒಂದು. ನಿಂತ ಬಂಡೆಯನ್ನೇ ಮೇಲಿಂದ ಕೆಳಕ್ಕೆ ಕಡಿದು ಗುಡಿಯ ಆಕಾರಕ್ಕೆ ತಂದಿದ್ದು ಇನ್ನೊಂದು, ಅದೇ ಪಂಚರಥ. ಕಲ್ಲು ಕಡಿದು ತಂದು ವರಸೆ ಮೇಲೆ ವರಸೆ ಇಟ್ಟು ಕಟ್ಟಿದ್ದು ಮೂರನೆಯದು, ಅದು ಕಡಲತೀರದ ಗುಡಿ. ಎಲ್ಲರೂ ಬಸ್ಸಿಳಿದು ನೇರ ಕಡಲತೀರದ ಗುಡಿಗೆ ಓಡ್ತಾರೆ, ಆಮೇಲೆ ಮಿಕ್ಕಿದ್ದು ನೋಡ್ತಾರೆ. ಹಾಗೆ ಮಾಡಿದರೆ ಅದು ಉಪ್ಪುಗಾಳಿಗೆ ಸವೆದ ಇನ್ನೊಂದು ಹಳೇ ಗುಡಿ ಅಷ್ಟೇ ಅನ್ನಿಸುತ್ತೆ. ಮಂಟಪ, ರಥ, ಗುಡಿ ಅಂತ ಇದೇ ವರಸೆಯಲ್ಲಿ ನೋಡಿ. ಬಂಡೆ ಇದ್ದ ಜಾಗಕ್ಕೇ ಹೋಗಿ ಕೆಲಸ ಮಾಡ್ತಿದ್ದ ಜನ, ಕಲ್ಲನ್ನ ಬೇಕಾದ ಜಾಗಕ್ಕೆ ತಂದು ಅಲೆಯ ಎದುರಿಗೆ ನಿಲ್ಲಿಸೋ ಮಟ್ಟಕ್ಕೆ ಬಂದಿದ್ದು ಕಣ್ಣಿಗೆ ಕಾಣುತ್ತೆ. ರಥಗಳನ್ನ ಸಾಮಾನ್ಯವಾಗಿ ಮಾಮಲ್ಲ ಅನ್ನಿಸಿಕೊಂಡ ಪಲ್ಲವರ ದೊರೆ ಒಂದನೇ ನರಸಿಂಹವರ್ಮನ (630–668) ಕಾಲಕ್ಕೆ ಸೇರಿಸ್ತಾರೆ. ಕಡಲತೀರದ ಗುಡಿ ರಾಜಸಿಂಹ ಅನ್ನೋ ಎರಡನೇ ನರಸಿಂಹವರ್ಮನದು, 700ರಿಂದ 728ರ ಆಸುಪಾಸು. ನಡುವೆ ಒಂದೆರಡು ತಲೆಮಾರು ಅಷ್ಟೇ.

ಮೊದಲು ಅರ್ಧಕ್ಕೆ ನಿಂತ ಕೆಲಸ ನೋಡಿ. ಅರ್ಜುನನ ತಪಸ್ಸು ಅಂತ ಕರೆಯೋ ದೊಡ್ಡ ಕೆತ್ತನೆಯ ಬಂಡೆ ಪಕ್ಕದಲ್ಲೇ ಪಂಚಪಾಂಡವ ಮಂಟಪ ಇದೆ, ಪೂರ್ತಿ ಆಗಿಲ್ಲ. ಇಂಥ ಅಪೂರ್ಣ ಮಂಟಪಗಳ ಒಳಗೋಡೆಗೆ ಟಾರ್ಚ್ ಅಡ್ಡ ಹಿಡೀರಿ, ನೇರ ಹಿಡಿದರೆ ಏನೂ ಕಾಣಲ್ಲ. ಗೋಡೆಯನ್ನ ಚೌಕ ಚೌಕವಾಗಿ ಗೀರು ಹೊಡೆದು ಭಾಗ ಮಾಡಿರೋದು ಕೆಲವು ಕಡೆ ಸಿಗುತ್ತೆ. ಚೌಕದ ಸುತ್ತ ಕಾಲುವೆ ತೆಗೆದು, ನಡುವೆ ಉಬ್ಬಿ ನಿಂತ ತುಂಡನ್ನ ಹೊಡೆದು ಉದುರಿಸೋದು, ಮತ್ತೆ ಅದೇ ಕೆಲಸ. ಗಟ್ಟಿ ಕಲ್ಲಲ್ಲಿ ಒಳಗೆ ನುಗ್ಗೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಯಾಕಂದ್ರೆ ಚಾಣಕ್ಕೆ, ಅಂದ್ರೆ ಕಲ್ಲು ಕಡಿಯೋ ಉಳಿಗೆ, ಒಂದು ಬಿಡುವಿನ ಅಂಚು ಸಿಕ್ಕಿದರೇ ಕಲ್ಲು ಚಕ್ಕೆ ಬಿಡೋದು. ಸಪಾಟು ಮೈಗೆ ನೇರ ಹೊಡೆದರೆ ಪುಡಿ ಬರುತ್ತೆ, ಮೊನೆ ಮೊಂಡಾಗುತ್ತೆ.

ಆಮೇಲೆ ರಥ. ಮೇಲಿನ ಶಿಖರ ನುಣ್ಣಗೆ ಮುಗಿದಿರುತ್ತೆ, ಕೆಳಗಿನ ಪಾದ ಒರಟಾಗೇ ಉಳಿದಿರುತ್ತೆ. ಮೇಲಿಂದ ಕಡಿದುಕೊಂಡು ಬಂದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಹೀಗೆ ಮಾಡಿದರೆ ಸಾರುವೆ ಬೇಡ, ಮೇಲಿಂದ ಬಿದ್ದ ಚಕ್ಕೆ ಮುಗಿದ ಕೆಲಸದ ಮೇಲೆ ಬೀಳಲ್ಲ. ಕಷ್ಟ ಒಂದೇ: ಅರ್ಧಕ್ಕೆ ಬಂದ ಮೇಲೆ ಬಂಡೆಯಲ್ಲಿ ಸೀಳು ಸಿಕ್ಕಿದರೆ ಕಲ್ಲು ಬದಲಾಯಿಸೋ ಹಾಗಿಲ್ಲ. ಭೀಮರಥದ ಮೈಯಲ್ಲಿ ಓಡಿರೋ ಬಿರುಕು ನೋಡಿ. ದ್ರೌಪದಿ ರಥದ ಚಾವಣಿ ಹುಲ್ಲು ಹೊದಿಸಿದ ಗುಡಿಸಲ ಆಕಾರ, ಭೀಮರಥದ್ದು ಉದ್ದನೆ ಬಂಡಿಗೂಡಿನ ಆಕಾರ. ಮರ, ಹುಲ್ಲು, ಬಿದಿರಲ್ಲಿ ಕಟ್ಟುತ್ತಿದ್ದ ಮನೆಗಳನ್ನ ಕಲ್ಲಿಗೆ ಇಳಿಸಿದ್ದಾರೆ.

ಕೊನೆಗೆ ಕಡಲತೀರದ ಗುಡಿ. ಎತ್ತರ ಸುಮಾರು 60 ಅಡಿ. ಅಲ್ಲಿ ಮೂರು ಗರ್ಭಗುಡಿ. ದೊಡ್ಡದು ಪೂರ್ವಕ್ಕೆ, ಕಡಲಿಗೆ ಮುಖ ಮಾಡಿದ ಶಿವನದು. ಚಿಕ್ಕ ಶಿಖರದ್ದೂ ಶಿವನದೇ, ಪಶ್ಚಿಮಕ್ಕೆ. ಎರಡರ ನಡುವೆ ಮಲಗಿದ ವಿಷ್ಣು. ಆ ವಿಷ್ಣುವನ್ನ ಹೊರಗಿಂದ ತಂದು ಇಟ್ಟಿಲ್ಲ, ಅಲ್ಲೇ ನೆಲದಲ್ಲಿದ್ದ ಬಂಡೆಯಲ್ಲಿ ಕಡಿದಿದ್ದಾರೆ. ಅವನಿದ್ದ ಜಾಗಕ್ಕೆ ಹೊಂದಿಸಿ ಆಚೆ ಈಚೆ ಎರಡು ಶಿವನ ಗುಡಿ ಎದ್ದಿವೆ. ಬಂಡೆಯ ಕೆಲಸ ಮತ್ತು ಕಟ್ಟಿದ ಕೆಲಸ ಒಂದೇ ಪಾಯದ ಮೇಲೆ ಕೂಡೋದು ಅಲ್ಲೇ. ಇಷ್ಟು ದೂರ ಹೋಗಿ ಅದನ್ನ ಬಿಟ್ಟು ಬರಬೇಡಿ.

ಅಂತರಗಂಗೆ_ಹಾದಿ

ಬಂಡೆಗಳಲ್ಲಿ ಸಾಲಾಗಿ ಗುಳಿ ಕಾಣುತ್ತಲ್ಲ, ಅದರಲ್ಲಿ ಮರದ ಬೆಣೆ ಹೊಡೆದು ನೀರು ಹಾಕಿ ಕಲ್ಲು ಸೀಳ್ತಿದ್ರು ಅಂತ ಗೈಡುಗಳು ಹೇಳ್ತಾರೆ. ನಿಜಾನಾ?

ಮಾಲೂರು_ಚಾಣ

ಬೆಣೆಯಿಂದ ಸೀಳೋದಂತೂ ನಿಜ. ಒಣಗಿದ ಮರ ನೀರು ಕುಡಿದು ಉಬ್ಬುತ್ತೆ, ಗುಳಿಗಳೆಲ್ಲ ಒಂದೇ ಗೆರೆಯಲ್ಲಿದ್ದರೆ ಸೀಳು ಆ ಗೆರೆಯಲ್ಲೇ ಓಡುತ್ತೆ. ಕಬ್ಬಿಣದ ಬೆಣೆ ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ವರಸೆಯಾಗಿ ಒಂದೊಂದು ಪೆಟ್ಟು, ಮತ್ತೆ ಮೊದಲಿಂದ. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಸೀಳು ದಾರಿ ತಪ್ಪುತ್ತೆ. ಕೋಲಾರದ ಕ್ವಾರಿಗಳಲ್ಲಿ ಕೈಕೆಲಸ ನಡೀತಿದ್ದಾಗ ದ್ರಾಕ್ಷಿ ತೋಟದ ಕಲ್ಲುಕಂಬ ಸೀಳ್ತಿದ್ದಿದ್ದೂ ಹೀಗೇ. ಚಪ್ಪಡಿಗೆ ಮಾತ್ರ ಬೆಂಕಿ: ಹಾಸುಬಂಡೆ ಮೇಲೆ ಸೌದೆ ಉರಿಸಿದರೆ ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆ ಕಲ್ಲಿಂದ ಬಿಟ್ಟುಕೊಳ್ಳುತ್ತೆ.

ಆದರೆ ಮಹಾಬಲಿಪುರದ ಬೆಟ್ಟದಲ್ಲಿ ಕಾಣೋ ಗುಳಿಸಾಲೆಲ್ಲ ಪಲ್ಲವರದು ಅನ್ನಬೇಡಿ. ಆ ಬಂಡೆಗಳಲ್ಲಿ ಆಮೇಲಿನ ಕಾಲದವರೂ ಕಲ್ಲು ಒಡೆದಿದ್ದಾರೆ. ಶಿಲ್ಪಕ್ಕೂ ಮೆಟ್ಟಿಲಿಗೂ ಸಂಬಂಧವೇ ಇಲ್ಲದ ಕಡೆ ಗುಳಿ ಇದ್ದರೆ ಅನುಮಾನ ಇಟ್ಟುಕೊಂಡೇ ನೋಡಿ.

ಚಿಂತಾಮಣಿ_ಮಂಡಿ

ಕಡಲತೀರದ ಗುಡಿಯ ಶಿಲ್ಪಗಳ ಮುಖ ಎಲ್ಲ ಯಾಕೆ ಹಾಗೆ ಕರಗಿದ ಹಾಗಿದೆ? ಗ್ರಾನೈಟ್ ಅಂದ್ರೆ ಸಾವಿರ ವರ್ಷ ಆದರೂ ಏನೂ ಆಗಲ್ಲ ಅಂತಾರೆ. ನಂದಿ ಗ್ರಾಮದ ಭೋಗನಂದೀಶ್ವರನ ಕೆತ್ತನೆ ಇನ್ನೂ ಚೂಪಾಗಿದೆಯಲ್ಲ. ಅಲೆ ಬಡಿದು ಸವೆದಿದ್ದಾ?

ಕೆಜಿಎಫ್_ಭೂಗರ್ಭ

ಅಲೆಗಿಂತ ಹೆಚ್ಚು ಕೆಲಸ ಮಾಡೋದು ಗಾಳಿಯಲ್ಲಿ ಬರೋ ಉಪ್ಪು. ನಡೆಯೋದು ಹೀಗೆ. ಅಲೆ ಒಡೆದಾಗ ಏಳೋ ತುಂತುರು ಗಾಳಿಯಲ್ಲಿ ಬಂದು ಕಲ್ಲಿಗೆ ಹತ್ತುತ್ತೆ. ಕಲ್ಲಿನ ಹರಳುಗಳ ನಡುವೆ ಕೂದಲಿಗಿಂತ ಸಣ್ಣ ಸಂದುಗಳಿರ್ತವೆ, ಉಪ್ಪುನೀರು ಅಲ್ಲಿಗೆ ಇಳಿಯುತ್ತೆ. ಬಿಸಿಲಿಗೆ ನೀರು ಆರಿಹೋಗುತ್ತೆ, ಉಪ್ಪು ಅಲ್ಲೇ ಹರಳುಗಟ್ಟುತ್ತೆ. ಹರಳು ಬೆಳೆಯುವಾಗ ಪಕ್ಕದ ಕಣಗಳನ್ನ ತಳ್ಳುತ್ತೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರೆಳೆದು ಕರಗುತ್ತೆ, ಕೆಳಗೆ ಬಂದರೆ ಮತ್ತೆ ಹರಳಾಗುತ್ತೆ. ಕಡಲ ದಡದಲ್ಲಿ ರಾತ್ರಿ ತೇವ ಏರೋದು, ಹಗಲು ಇಳಿಯೋದು ದಿನದ ಮಾತು. ಅಂದರೆ ಮಳೆಯೇ ಬೇಡ, ಹಗಲು ರಾತ್ರಿ ಸಾಕು. ಸಾವಿರದ ಮುನ್ನೂರು ವರ್ಷದಿಂದ ಇದು ನಿಂತಿಲ್ಲ.

ಗ್ರಾನೈಟ್ ಜಾತಿಯ ಕಲ್ಲಲ್ಲಿ ಮೊದಲು ಸೋಲೋದು ಫೆಲ್ಡ್‌ಸ್ಪಾರ್ ಮತ್ತು ಕಪ್ಪು ಅಭ್ರಕ. ಬೆಣಚು ಗಟ್ಟಿಯಾಗಿ ಉಳಿಯುತ್ತೆ. ಅದಕ್ಕೇ ಸವೆದ ಮೈ ಮರಳುಕಾಗದದ ಥರ ಒರಟು. ಪಾದದ ಹತ್ತಿರದ ಸವೆತಕ್ಕೆ ಇನ್ನೊಂದು ಕಾರಣ ಗಾಳಿ ಹೊಡೆಯೋ ಮರಳು. ಮರಳಿನ ಕಣ ನೆಲದಿಂದ ಬಹಳ ಮೇಲೆ ಏಳಲ್ಲ, ಕೆಳಗಿನ ಕೆಲವು ಅಡಿಯನ್ನೇ ಉಜ್ಜುತ್ತೆ. ಕಡಲ ಕಡೆಯ ಗೋಡೆ ಮತ್ತು ಊರ ಕಡೆಯ ಗೋಡೆ ಎರಡನ್ನೂ ಒಂದಾದ ಮೇಲೊಂದು ನೋಡಿ, ಒಂದೇ ಕಾಲದ ಕೆತ್ತನೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಭೋಗನಂದೀಶ್ವರನಿಗೆ ಈ ಕಾಟ ಇಲ್ಲ. ಅಲ್ಲಿ ಬಿಸಿಲು ಮಳೆ ಮಾತ್ರ.

ಉಳಿಸೋಕೆ ಮಾಡಿರೋದು ಮೂರು ಕೆಲಸ. ಕಡಲ ಕಡೆ ಗುಂಡುಕಲ್ಲು ಸುರಿದು ತಡೆಗೋಡೆ ಕಟ್ಟಿದ್ದಾರೆ, ಅಲೆಯ ಹೊಡೆತ ಅಲ್ಲೇ ಮುರಿಯುತ್ತೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲೂ ಗುಡಿ ಉಳೀತು. ಎರಡನೆಯದು ಸರ್ವೆ ತೋಪು. ನಮ್ಮ ಕಡೆ ಸಾರುವೆ ಕಟ್ಟೋಕೆ ಬೆಳೆಸೋ ಅದೇ ಮರ, ಅಲ್ಲಿ ಉಪ್ಪುಗಾಳಿಯನ್ನ ಸೋಸೋಕೆ. ಮೂರನೆಯದು ಪುರಾತತ್ವ ಇಲಾಖೆಯ ಕಾಗದದ ರೊಟ್ಟಿನ ಚಿಕಿತ್ಸೆ. ಉಪ್ಪಿಲ್ಲದ ಶುದ್ಧ ನೀರಲ್ಲಿ ಕಾಗದ ನೆನೆಸಿ ರುಬ್ಬಿ ಕಲ್ಲಿಗೆ ಮೆತ್ತುತ್ತಾರೆ. ನೀರು ಒಳಗೆ ಹೋಗಿ ಉಪ್ಪು ಕರಗಿಸುತ್ತೆ. ಒಣಗುವಾಗ ತೇವ ಹೊರಕ್ಕೆ ಬರ್ತಾ ಉಪ್ಪನ್ನ ಕಾಗದಕ್ಕೆ ತರುತ್ತೆ. ಒಣಗಿದ ರೊಟ್ಟು ಕಿತ್ತು ಮತ್ತೆ ಹೊಸದು. ಉಪ್ಪು ಬರೋದು ಕಡಿಮೆ ಆಗೋವರೆಗೆ ಇದೇ ಕೆಲಸ, ಕೆಲವು ವರ್ಷ ಆದ ಮೇಲೆ ಮತ್ತೆ ಮೊದಲಿಂದ.

ಹಾಗಾಗಿ ಒಂದು ವಿನಂತಿ. ಸವೆದ ಶಿಲ್ಪದ ಮೇಲೆ ಕೈ ಆಡಿಸಬೇಡಿ, ಮಕ್ಕಳನ್ನ ಸಿಂಹದ ಮೇಲೆ ಕೂರಿಸಬೇಡಿ. ಸಡಿಲ ಆಗಿರೋ ಹರಳು ಬೆರಳಿಗೇ ಉದುರಿ ಬರುತ್ತೆ. ಉಪ್ಪು ಸಡಿಲ ಮಾಡಿದ್ದನ್ನ ಕೆಡವೋ ಕೆಲಸ ನಮ್ಮ ಕೈಯಿಂದ ಆಗೋದು ಬೇಡ.

ಅಂತರಗಂಗೆ_ಹಾದಿ

ಸುನಾಮಿ ಅಂದ್ರಲ್ಲ, ಆವಾಗ ನೀರು ಹಿಂದೆ ಸರಿದು ಕಡಲಲ್ಲಿ ಮುಳುಗಿದ ಇನ್ನೂ ಆರು ಗುಡಿ ಕಾಣಿಸಿದ್ವು ಅಂತ ಓಡಾಡುತ್ತಲ್ಲ?

ಕೆಜಿಎಫ್_ಭೂಗರ್ಭ

ಏಳು ಗುಡಿ ಇದ್ವು, ಆರು ಮುಳುಗಿದ್ವು ಅನ್ನೋದು ಹಡಗಿನವರ ಕಾಲದಿಂದ ಬಂದ ಕಥೆ. ಗೊತ್ತಿರೋದು ಇಷ್ಟು: 2002ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಮುಳುಗಿ ನೋಡಿದಾಗ 5ರಿಂದ 8 ಮೀಟರ್ ಆಳದಲ್ಲಿ ಗೋಡೆಯ ಭಾಗ, ಕಡಿದ ಕಲ್ಲುಗಳು ಸಿಕ್ಕಿದವು. ಸುನಾಮಿ ಮರಳು ಕೊಚ್ಚಿಕೊಂಡು ಹೋದ ಮೇಲೆ ದಡದಲ್ಲೇ ಆನೆ, ಸಿಂಹ, ಕುದುರೆ ಕೆತ್ತಿದ ಬಂಡೆ ಹೊರಗೆ ಬಂತು. ಆರು ಗುಡಿ ಅನ್ನೋ ಎಣಿಕೆಗೆ ಇದರಿಂದ ಆಧಾರ ಸಿಗಲ್ಲ.

ಸುನಾಮಿ ತೋರಿಸಿದ್ದರಲ್ಲಿ ದೊಡ್ಡದು ಉತ್ತರಕ್ಕೆ ಸುಮಾರು 5 ಕಿ.ಮೀ. ದೂರದ ಸಾಳುವಂಕುಪ್ಪಂನಲ್ಲಿದೆ. ಬಂಡೆಯ ಮೇಲೆ ಶಾಸನ ಕಾಣಿಸಿ, 2005ರಲ್ಲಿ ಅಗೆದಾಗ ಸುಬ್ರಹ್ಮಣ್ಯನ ಗುಡಿ ಸಿಕ್ತು. ಕೆಳಗೆ ಇಟ್ಟಿಗೆ, ಅದರ ಮೇಲೆ ಪಲ್ಲವರ ಕಲ್ಲಿನ ಕೆಲಸ. ಗುಡಿಯ ಮುಖ ಉತ್ತರಕ್ಕೆ. ಹುಲಿಗವಿ ಅನ್ನೋ ಕೆತ್ತಿದ ಬಂಡೆ ಇರೋ ಆವರಣದಲ್ಲೇ ಇದೆ, ಜನ ಕಡಿಮೆ, ಮರದ ನೆರಳಿದೆ. ಹಿರಿಯರಿಗೆ ಒಳ್ಳೇ ಜಾಗ.

ಗೌರಿಬಿದನೂರು_ಅಕ್ಕ

ಹಿರಿಯರು, ಮಕ್ಕಳು ಅಂದಿದ್ದೀರಲ್ಲ, ಅದಕ್ಕೆ ನಾನು ಹೇಳ್ತೀನಿ.

ಹಿರಿಯರಿಗೆ ಸುಲಭದ್ದು ಅರ್ಜುನನ ತಪಸ್ಸು, ರಸ್ತೆ ಪಕ್ಕದಲ್ಲೇ ಇದೆ, ಮೆಟ್ಟಿಲಿಲ್ಲ. ಕಡಲತೀರದ ಗುಡಿಗೆ ಗೇಟಿಂದ ಸಮತಟ್ಟಾದ ದಾರಿ, ನಿಧಾನವಾಗಿ ನಡೆದರೆ ತೊಂದರೆ ಇಲ್ಲ. ಪಂಚರಥದ ಸುತ್ತ ಮರಳು, ಊರುಗೋಲು ಹೂತುಕೊಳ್ಳುತ್ತೆ, ಒಬ್ಬರು ಜೊತೆಗಿರಿ. ಬೆಟ್ಟದ ಮೇಲಿನ ಮಂಟಪಗಳು, ಲೈಟ್‌ಹೌಸ್ ಅವರಿಗೆ ಬೇಡ. ಹಾಸುಬಂಡೆ ಸಾವಿರಾರು ಜನರ ಕಾಲಿಗೆ ನುಣ್ಣಗಾಗಿದೆ, ಇಳಿಯುವಾಗ ಜಾರುತ್ತೆ. ಮಕ್ಕಳಿಗೂ ಹಿಡಿತ ಇರೋ ಶೂ ಹಾಕಿಸಿ, ಸವೆದ ಹವಾಯಿ ಚಪ್ಪಲಿ ಬೇಡ. ಬೆಣ್ಣೆಯುಂಡೆ ಬಂಡೆ ಕೆಳಗಿನ ಇಳಿಜಾರಲ್ಲಿ ಮಕ್ಕಳು ಜಾರೋ ಆಟ ಆಡ್ತಾರೆ, ಪ್ಯಾಂಟ್ ಹರಿಯೋದು ಖಂಡಿತ.

ಟಿಕೆಟ್ ಭಾರತೀಯರಿಗೆ 40 ರೂಪಾಯಿ, 15 ವರ್ಷದ ಒಳಗಿನವರಿಗೆ ಇಲ್ಲ. ಒಂದೇ ಟಿಕೆಟ್ ಅದೇ ದಿನ ಪಂಚರಥಕ್ಕೂ ಕಡಲತೀರದ ಗುಡಿಗೂ ನಡೆಯುತ್ತೆ. ಅದಕ್ಕೇ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ, ಟಿಕೆಟ್ ಬಿಸಾಡಬೇಡಿ. ಬೆಳಗ್ಗೆ 6ರಿಂದ ಸಂಜೆ 6. ಕೌಂಟರ್ ಅದಕ್ಕೂ ಮೊದಲೇ ಮುಚ್ಚುತ್ತೆ, ಐದೂವರೆಗೆ ಹೋಗಿ ನಿಂತರೆ ಅವಸರದಲ್ಲಿ ಓಡಬೇಕು. ಆನ್‌ಲೈನಲ್ಲಿ ತಗೊಂಡರೆ ಸಾಲು ತಪ್ಪುತ್ತೆ.

ಮಕ್ಕಳಿಗೆ ಅರ್ಜುನನ ತಪಸ್ಸಿನ ಬಂಡೆ ಮುಂದೆ ಒಂದು ಕೆಲಸ ಕೊಡಿ. ಒಂಟಿ ಕಾಲಲ್ಲಿ ಮುಂಗೈ ಎತ್ತಿ ತಪಸ್ಸಿಗೆ ನಿಂತ ಬೆಕ್ಕು, ಅದರ ಸುತ್ತ ಇಲಿಗಳು. ದೊಡ್ಡ ಆನೆಯ ಕಾಲಡಿ ಮರಿಗಳು. ಹಿಂಗಾಲಿಂದ ಮೂಗು ಕೆರೆದುಕೊಳ್ಳೋ ಜಿಂಕೆ. ಹುಡುಕಿ ಅಂತ ಬಿಟ್ಟರೆ ಅರ್ಧ ಗಂಟೆ ಅಲ್ಲಾಡಲ್ಲ.

ಕಡಲಿಗೆ ಮಾತ್ರ ಇಳಿಸಬೇಡಿ. ತಡೆಗೋಡೆಯ ಕಲ್ಲುಗಳ ಹತ್ತಿರ ನೀರು ತಿರುಗಿ ವಾಪಸ್ ಹೋಗುವಾಗ ಸೆಳೆತ ಜಾಸ್ತಿ, ಮಂಡಿವರೆಗಿನ ನೀರೇ ಕಾಲಡಿಯ ಮರಳು ಕಿತ್ತುಕೊಂಡು ಹೋಗುತ್ತೆ. ಕಲ್ಲಿನ ಮೇಲೆ ಹಸಿರು ಪಾಚಿ ಇರುತ್ತೆ, ಒದ್ದೆ ಕಾಲಲ್ಲಿ ನಿಲ್ಲೋಕಾಗಲ್ಲ. ನಮ್ಮದು ಕೆರೆ ಊರು, ಕೆರೆಯಲ್ಲಿ ಈಜು ಬರೋ ಹುಡುಗರು ಧೈರ್ಯ ಮಾಡ್ತಾರೆ. ಸೆಳೆತ ಕೆರೆಯಲ್ಲಿ ಇರಲ್ಲ ಅನ್ನೋದು ಅವರಿಗೆ ಗೊತ್ತಿರಲ್ಲ. ಅವರ ಮೇಲೇ ಹೆಚ್ಚು ಕಣ್ಣಿಡಿ.

ಚಿಂತಾಮಣಿ_ಮಂಡಿ

ಅಕ್ಕ, ಬೆಣ್ಣೆಯುಂಡೆ ಅಂದ್ರಲ್ಲ. ಅಷ್ಟು ದೊಡ್ಡ ಗುಂಡು ಇಳಿಜಾರಲ್ಲಿ ಹೇಗೆ ನಿಂತಿದೆ? 250 ಟನ್ ಅಂತ ಬೋರ್ಡಲ್ಲೂ ವಿಡಿಯೊದಲ್ಲೂ ಹೇಳ್ತಾರೆ, ಅದನ್ನ ಯಾರು ತೂಕ ಹಾಕಿದ್ದು?

ಕೆಜಿಎಫ್_ಭೂಗರ್ಭ

ಲೆಕ್ಕ ಹಾಕಿದರೆ ಸಿಗುತ್ತೆ. ಎತ್ತರ ಸುಮಾರು 6 ಮೀಟರ್, ಅಗಲ 5. ನಡುವೆ 5.6 ಮೀಟರ್ ವ್ಯಾಸದ ಗುಂಡು ಅಂದುಕೊಳ್ಳಿ, ಗಾತ್ರ 92 ಘನ ಮೀಟರ್ ಬರುತ್ತೆ. ಈ ಜಾತಿ ಕಲ್ಲು ಘನ ಮೀಟರಿಗೆ 2.7 ಟನ್. ಗುಣಿಸಿದರೆ 248. ಹಿಂದುಗಡೆ ಚಪ್ಪಟೆಯಾಗಿದೆ, ಹಾಗಾಗಿ ಸ್ವಲ್ಪ ಕಡಿಮೆಯೇ ಇರಬಹುದು, ಆದರೆ ಹೇಳೋ ತೂಕ ಉತ್ಪ್ರೇಕ್ಷೆ ಅಲ್ಲ.

ಅದನ್ನ ಯಾರೂ ತಂದು ಇಟ್ಟಿದ್ದಲ್ಲ. ಅಂತರಗಂಗೆ ಬೆಟ್ಟದಲ್ಲಿ, ಆವನಿಯಲ್ಲಿ ಗುಂಡುಗಳು ಹೇಗಾದವೋ ಹಾಗೇ. ಬಂಡೆಯ ಸೀಳುಗಳಲ್ಲಿ ನೀರು ಇಳಿದು ಮೂಲೆಗಳು ಮೊದಲು ಕೊಳೀತವೆ, ಪದರ ಪದರವಾಗಿ ಸುಲಿದು ನಡುವಿನ ಗಟ್ಟಿ ಭಾಗ ಗುಂಡಾಗಿ ಉಳಿಯುತ್ತೆ, ಸುತ್ತಲಿನ ಮಣ್ಣು ಕೊಚ್ಚಿಹೋಗುತ್ತೆ. ಗುಂಡಿನ ತಳ ದೂರದಿಂದ ಚೂಪಾಗಿ ಕಾಣುತ್ತೆ. ಹತ್ತಿರ ಹೋಗಿ ಬಗ್ಗಿ ನೋಡಿ, ಒಂದು ಮೀಟರಿಗಿಂತ ಅಗಲಕ್ಕೆ ಬಂಡೆಗೆ ಕೂತಿದೆ. ಭಾರದ ನಡುಬಿಂದು ಆ ಅಗಲದ ಮೇಲೆ ಬಿದ್ದರೆ ಸಾಕು, ಕಲ್ಲಿಗೆ ಕಲ್ಲಿನ ಉಜ್ಜಾಟ ಮಿಕ್ಕಿದ್ದನ್ನ ನೋಡಿಕೊಳ್ಳುತ್ತೆ.

ಚಿಂತಾಮಣಿ_ಮಂಡಿ

ಚೆನ್ನಾಗಿ ಹೇಳಿದ್ರಿ ಸರ್. ಇನ್ನೊಂದು, ಮನೆ ಬಾಗಿಲಿಗೆ ಒಂದು ಗಣಪತಿ ತಗೊಳ್ಳೋಣ ಅಂತ. ಅಲ್ಲಿ ತಗೊಳ್ಳೋದಾ, ನಮ್ಮ ಕಡೆಯ ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಾ?

ಮಾಲೂರು_ಚಾಣ

ಎರಡೂ ಕಡೆ ಒಳ್ಳೇ ಕೆಲಸಗಾರರಿದ್ದಾರೆ. ಮಹಾಬಲಿಪುರದ ಕಲ್ಲಿನ ಶಿಲ್ಪಕ್ಕೆ 2017ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, 1957ರಿಂದ ಅಲ್ಲಿ ಸರ್ಕಾರದ ಶಿಲ್ಪ ಶಾಲೆ ಇದೆ. ಶಿವಾರಪಟ್ಟಣದಲ್ಲಿ ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆಯ ಕೆಲಸ ಸಿಗುತ್ತೆ, ಹೇಳಿ ಮಾಡಿಸಬಹುದು, ಏನಾದರೂ ಆದರೆ ಮತ್ತೆ ಹೋಗಿ ಕೇಳಬಹುದು. ಪೂಜೆಗೆ ಇಡೋ ಮೂರ್ತಿ ಆದರೆ ಹತ್ತಿರ ಮಾಡಿಸೋದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ತೂಕದ ಅಂದಾಜು ಗೊತ್ತಿರಲಿ. ಗ್ರಾನೈಟ್ ಒಂದು ಘನ ಅಡಿ ಸುಮಾರು 75 ಕೆ.ಜಿ. ಎರಡಡಿ ಎತ್ತರ, ಒಂದಡಿ ಅಗಲ, ಮುಕ್ಕಾಲು ಅಡಿ ದಪ್ಪದ ದಿಮ್ಮಿಯೇ 110 ಕೆ.ಜಿ. ದಾಟುತ್ತೆ. ಕಡಿದು ಮುಗಿದ ಮೇಲೂ 50–60 ಉಳಿಯುತ್ತೆ. ಅದನ್ನ ಟಿಟಿ ಸೀಟಿನ ಕೆಳಗೆ ಇಟ್ಟುಕೊಂಡು ಬರೋ ಆಸೆ ಬೇಡ, ಒಂದು ಬ್ರೇಕಿಗೆ ಜಾರಿ ಕಾಲಿಗೆ ಬರುತ್ತೆ.

ರಸ್ತೆ ಪಕ್ಕದಲ್ಲಿ ಚಿಕ್ಕದು ತಗೊಳ್ಳೋದಾದರೆ ನಾಲ್ಕು ಪರೀಕ್ಷೆ. ತಳದಲ್ಲಿ ಬೀಗದ ಕೈಯಿಂದ ಗೀರಿ: ಬಿಳಿ ಗೆರೆ ಆಳವಾಗಿ ಬಿದ್ದರೆ ಬಳಪದ ಕಲ್ಲು, ಗ್ರಾನೈಟ್ ಬೆಲೆ ಕೊಡಬೇಡಿ. ಬಳಪದ ಕಲ್ಲು ಕೆಟ್ಟದ್ದಲ್ಲ, ಸಣ್ಣ ಕೆಲಸಕ್ಕೆ ಅದೇ ಒಳ್ಳೇದು, ಹೆಸರು ಮಾತ್ರ ಸರಿ ಇರಬೇಕು. ಎರಡನೆಯದು, ಒದ್ದೆ ಬಿಳಿ ಬಟ್ಟೆಯಲ್ಲಿ ಬೆನ್ನು ಒರೆಸಿ, ಕಪ್ಪು ಹತ್ತಿದರೆ ಬಣ್ಣ ಅಥವಾ ಎಣ್ಣೆಮಸಿ. ಮೂರನೆಯದು, ಬೆರಳ ಗೆಣ್ಣಿಂದ ತಟ್ಟಿ. ಗಟ್ಟಿ ಕಲ್ಲು ನಾದ ಕೊಡುತ್ತೆ, ಒಳಗೆ ಸೀಳಿದ್ದರೆ ಬೊದ್ದು ಸದ್ದು. ನಾಲ್ಕನೆಯದೇ ಮುಖ್ಯ: ಪೂರ್ತಿ ಒದ್ದೆ ಮಾಡಿ ಬಿಸಿಲಲ್ಲಿಡಿ. ಮೈಯೆಲ್ಲ ಒಣಗಿದ ಮೇಲೂ ಒಂದು ಸಣ್ಣ ಗೆರೆ ಕಪ್ಪಾಗೇ ಉಳಿದರೆ ಅದು ಬಿರುಕು, ನೀರು ಅಲ್ಲಿ ನಿಂತಿದೆ. ಸೊಂಡಿಲು, ಕಿವಿ, ಬೆರಳಿನ ಬುಡ ಚೆನ್ನಾಗಿ ನೋಡಿ. ಮುರಿದು ಅಂಟಿಸಿದ್ದರೆ ಅಲ್ಲೇ ಮೈಹೊಳಪು ಬೇರೆ ಇರುತ್ತೆ.

ಕೆಲಸ ನೋಡೋಕೆ ಶೆಡ್ ಹತ್ತಿರ ನಿಂತಾಗ ಗಾಳಿ ಬರೋ ಕಡೆ ನಿಲ್ಲಿ. ಈಗ ಗ್ರೈಂಡರ್ ಹೆಚ್ಚು, ಚಾಣದ ಕೆಲಸಕ್ಕಿಂತ ಬಹಳ ನಯವಾದ ಧೂಳು ಏಳುತ್ತೆ, ಕಲ್ಲಿನ ಧೂಳು ಶ್ವಾಸಕೋಶದಿಂದ ಹೊರಗೆ ಬರಲ್ಲ. ಮಕ್ಕಳನ್ನ, ಅಸ್ತಮಾ ಇರೋ ಹಿರಿಯರನ್ನ ಹತ್ತಿರ ಬಿಡಬೇಡಿ.

ಆವನಿ_ಶಾಸನ

ವಾಪಸ್ ಬರುವಾಗ ಕಾಂಚೀಪುರದ ಕೈಲಾಸನಾಥ ನೋಡದೆ ಬಂದರೆ ಈ ಪ್ರವಾಸ ಅರ್ಧ. ಕಡಲತೀರದ ಗುಡಿಯ ಅದೇ ರಾಜಸಿಂಹ ಕಟ್ಟಿಸಿದ್ದು. ಪಾದಕ್ಕೆ ಗ್ರಾನೈಟ್, ಮೇಲಕ್ಕೆ ಮರಳುಗಲ್ಲು. ಮರಳುಗಲ್ಲು ಮೆದು, ಕೆತ್ತನೆ ಬೇಗ ಏಳುತ್ತೆ, ಅಷ್ಟೇ ಬೇಗ ಉದುರುತ್ತೆ. ಅದಕ್ಕೇ ಗೋಡೆಗಳಲ್ಲಿ ಮೇಲಿಂದ ಮೇಲೆ ಗಾರೆ ಮೆತ್ತಿ ದುರಸ್ತಿ ಮಾಡಿದ ಗುರುತು ಕಾಣುತ್ತೆ. ಒಂದೇ ರಾಜನ ಎರಡು ಗುಡಿ, ಒಂದನ್ನ ಉಪ್ಪು ತಿಂದಿದೆ, ಇನ್ನೊಂದು ಕಲ್ಲಿನ ಮೆದುತನಕ್ಕೇ ಸೋತಿದೆ. ಎರಡು ದಿನದಲ್ಲಿ ಎರಡನ್ನೂ ನೋಡಿದರೆ ಕಲ್ಲು ಆರಿಸೋದು ಎಷ್ಟು ದೊಡ್ಡ ತೀರ್ಮಾನ ಅಂತ ತಿಳಿಯುತ್ತೆ.

ಕನ್ನಡದವರಿಗೆ ಇನ್ನೊಂದು ಕಾರಣ ಇದೆ. ಬಾದಾಮಿಯ ಎರಡನೇ ವಿಕ್ರಮಾದಿತ್ಯ (733–744) ಕಂಚಿಯನ್ನ ಗೆದ್ದಾಗ ಈ ಗುಡಿಯ ಸಂಪತ್ತನ್ನ ದೋಚದೆ ದೇವರಿಗೇ ಬಿಟ್ಟ, ಅದನ್ನ ಇಲ್ಲಿಯ ಮಂಟಪದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಅದಕ್ಕೂ ಮೊದಲು 642ರ ಹೊತ್ತಿಗೆ ಮಾಮಲ್ಲ ವಾತಾಪಿಯನ್ನ ಹಿಡಿದಿದ್ದ. ಅವನ ಊರನ್ನ ನೋಡಿಕೊಂಡು ಬಂದು ಇಲ್ಲಿ ಈ ಹಳಗನ್ನಡದ ಸಾಲುಗಳ ಮುಂದೆ ನಿಲ್ಲೋದು ಬಹಳ ದೊಡ್ಡ ವಿಷಯ. ಶಾಸನ ಕಂಬದ ಹಿಂಬದಿಯಲ್ಲಿದೆ, ಎದುರಿಂದ ಕಾಣಲ್ಲ, ಕಾವಲಿನವರನ್ನ ಕೇಳಿ.

ಮುಳಬಾಗಿಲು_ದೋಸೆ

ಎಲ್ಲರಿಗೂ ತುಂಬಾ ಧನ್ಯವಾದ. ದಿನ ಜನವರಿ ಕೊನೆಯ ವಾರಕ್ಕೆ ಹಾಕಿದ್ದೀವಿ, ಮಂಗಳವಾರ ಬುಧವಾರ. ಹೀಗೆ ಅಂದುಕೊಂಡಿದ್ದೀವಿ: ಬೆಳಗ್ಗೆ 5ಕ್ಕೆ ಹೊರಟು ಹನ್ನೊಂದರ ಒಳಗೆ ತಲುಪೋದು. ಊಟ, ವಿಶ್ರಾಂತಿ. ಮೂರಕ್ಕೆ ಪಂಚರಥ, ನಾಲ್ಕೂವರೆಗೆ ಕಡಲತೀರದ ಗುಡಿ. ಮಾರನೇ ದಿನ ಬೆಳಗ್ಗೆ ಬೆಟ್ಟ, ಅರ್ಜುನನ ತಪಸ್ಸು. ಮಧ್ಯಾಹ್ನ ಊಟ ಮಾಡಿ ಹೊರಟು ಕಾಂಚೀಪುರ, ರಾತ್ರಿ ಮನೆ. ಸರಿ ಇದೆಯಾ?

ಮಾಲೂರು_ಚಾಣ

ಒಂದು ತಿದ್ದುಪಡಿ. ತಲುಪಿದ ದಿನ ಊಟಕ್ಕೆ ಮೊದಲು ಪಂಚಪಾಂಡವ ಮಂಟಪಕ್ಕೆ ಇಪ್ಪತ್ತು ನಿಮಿಷ ಕೊಡಿ, ಒಳಗೆ ನೆರಳಿರುತ್ತೆ. ಅದನ್ನ ನೋಡಿ ರಥಕ್ಕೆ ಹೋದರೆ ವರಸೆ ತಪ್ಪಲ್ಲ. ಪಂಚರಥಕ್ಕೆ ಮಧ್ಯಾಹ್ನದ ಮೇಲೆ ಹೋಗೋದು ಸರಿಯಾಗಿದೆ, ನಾಲ್ಕು ರಥಗಳ ಮುಖ ಪಶ್ಚಿಮಕ್ಕಿದೆ, ಬಿಸಿಲು ಎದುರಿಂದ ಬೀಳುತ್ತೆ. ಅರ್ಜುನನ ತಪಸ್ಸಿನ ಬಂಡೆ ಪೂರ್ವಕ್ಕೆ, ಹಾಗಾಗಿ ಅದಕ್ಕೆ ಬೆಳಗ್ಗೆಯೇ. ಏಳರಿಂದ ಎಂಟೂವರೆ ಒಳಗೆ ಓರೆ ಬೆಳಕಲ್ಲಿ ಬೆಕ್ಕಿನ ಪಕ್ಕೆಲುಬೂ ಎದ್ದು ಕಾಣುತ್ತೆ. ಹತ್ತರ ಮೇಲೆ ಬೆಳಕು ನೆತ್ತಿಗೆ ಬಂದು ಕೆತ್ತನೆ ಚಪ್ಪಟೆ ಆಗಿಬಿಡುತ್ತೆ.

ಗೌರಿಬಿದನೂರು_ಅಕ್ಕ

ಕಡಲತೀರದ ಗುಡಿ ಆವರಣದಲ್ಲಿ ಉತ್ತರದ ಕಡೆ ತಗ್ಗಿನಲ್ಲಿ ಒಂದು ಪುಟ್ಟ ಗುಡಿ, ಭೂವರಾಹ, ಬಾವಿ ಇದೆ. 1990ರಲ್ಲಿ ಮರಳು ತೆಗೆದಾಗ ಸಿಕ್ಕಿದ್ದು. ಎಲ್ಲರೂ ಶಿಖರ ನೋಡ್ತಾ ಅದನ್ನ ದಾಟಿ ಹೋಗ್ತಾರೆ, ಮಕ್ಕಳಿಗೆ ತೋರಿಸಿ. ಸಂಜೆ ನಾಲ್ಕೂವರೆ ಬದಲು ನಾಲ್ಕಕ್ಕೇ ಒಳಗೆ ಹೋಗಿ, ಹಿರಿಯರು ಕೂತು ಕೂತು ನಡೀಬೇಕಲ್ಲ.

ಬಂಗಾರಪೇಟೆ_ಜಂಕ್ಷನ್

ಎರಡನೇ ದಿನದ ಲೆಕ್ಕ ತಿರುಗಿಸಿ. ಕಾಂಚೀಪುರದ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕ್ತವೆ, ಮತ್ತೆ ತೆಗೆಯೋದು ನಾಲ್ಕರ ಸುಮಾರಿಗೆ. ಊಟ ಮಾಡಿ ಹೊರಟರೆ ಮುಚ್ಚಿದ ಬಾಗಿಲ ಮುಂದೆ ಕೂರಬೇಕು, ಆಮೇಲೆ ಮೊಗಿಲಿ ಘಾಟ್ ಕತ್ತಲಲ್ಲಿ ಹತ್ತಬೇಕು. ಆರೂವರೆಗೆ ಬೆಟ್ಟ ಶುರು ಮಾಡಿ ಎಂಟೂಮುಕ್ಕಾಲಿಗೆ ಮುಗಿಸಿ, ಒಂಬತ್ತಕ್ಕೆ ಗಾಡಿ ಬಿಡಿ. 65 ಕಿ.ಮೀ., ಚೆಂಗಲ್ಪಟ್ಟಲ್ಲಿ ಟ್ರಾಫಿಕ್ ಸಿಕ್ಕರೂ ಹತ್ತೂಮುಕ್ಕಾಲಿಗೆ ಕೈಲಾಸನಾಥ. ಹನ್ನೆರಡರ ಒಳಗೆ ನೋಡಿ, ಊಟ ಕಾಂಚೀಪುರದಲ್ಲೇ ಮಾಡಿ ಹೊರಟರೆ ಬೆಳಕಿರುವಾಗಲೇ ಪಲಮನೇರು ದಾಟ್ತೀರಿ. ಲಾಡ್ಜಿನವರಿಗೆ ಹಿಂದಿನ ರಾತ್ರಿಯೇ ದುಡ್ಡು ಕಟ್ಟಿಬಿಡಿ, ಬೆಳಗ್ಗೆ ಬಿಲ್ಲಿಗೆ ಕಾಯ್ತಾ ನಿಂತರೆ ಅಲ್ಲೇ ಅರ್ಧ ಗಂಟೆ ಹೋಗುತ್ತೆ.